ಬರೀ ಮಾತಾಡೋಕೆ ಎಷ್ಟಾಗುತ್ತೆ? ಟ್ರಾಯ್ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಫೆಬ್ರವರಿ 2025

ಮಾನ್ಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,
ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್), ನವದೆಹಲಿ

ಮಾನ್ಯರೇ,

ಕಳೆದ ಡಿಸೆಂಬರ್ 23ರಂದು ತಾವು ಹೊರಡಿಸಿದ ಆದೇಶಕ್ಕೆ ಮೊದಲು ವಂದನೆ ಹೇಳುತ್ತೇನೆ. 2012ರ ದೂರಸಂಪರ್ಕ ಗ್ರಾಹಕರ ರಕ್ಷಣಾ ನಿಯಮಾವಳಿಗೆ ಹನ್ನೆರಡನೇ ತಿದ್ದುಪಡಿ ತಂದು, ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್ಸೆಮ್ಮೆಸ್ ಇರುವ ಒಂದು ವೋಚರನ್ನಾದರೂ, ಅಂದರೆ ರೀಚಾರ್ಜ್ ಪ್ಯಾಕನ್ನಾದರೂ, ಪ್ರತಿಯೊಂದು ಮೊಬೈಲ್ ಕಂಪನಿ ಕೊಡಲೇಬೇಕು ಎಂದಿರಿ. ಇಂಥ ವೋಚರುಗಳ ಅವಧಿಗೆ ಇದ್ದ 90 ದಿನದ ಮಿತಿಯನ್ನು 365 ದಿನಕ್ಕೆ ಏರಿಸಿದಿರಿ. ದೇಶದಲ್ಲಿ ಸುಮಾರು 15 ಕೋಟಿ ಜನ ಇನ್ನೂ ಕೀಪ್ಯಾಡ್ ಫೋನ್ ಬಳಸುತ್ತಿದ್ದಾರೆ, ಬೇಡದ ಡೇಟಾಕ್ಕೆ ಅವರು ದುಡ್ಡು ಕೊಡುವಂತಾಗಬಾರದು ಎಂಬ ಮಾತು ನಿಮ್ಮ ವಿವರಣೆಯಲ್ಲೇ ಇದೆ. ಆ ಸಾಲನ್ನು ಓದಿದ ದಿನ, ನಮ್ಮ ಊರಿನ ಸಂಗತಿ ದೆಹಲಿಗೆ ಹೇಗೋ ತಲುಪಿದೆ ಎಂದು ನನಗೆ ಅನ್ನಿಸಿತ್ತು.

ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ರೀಚಾರ್ಜ್ ಅಂಗಡಿ. ಇಲ್ಲಿ ರೀಚಾರ್ಜ್ ಎನ್ನುವವರಿಗಿಂತ ‘ಕರೆನ್ಸಿ ಹಾಕು’ ಎನ್ನುವವರೇ ಹೆಚ್ಚು. ಸ್ಮಾರ್ಟ್‌ಫೋನ್ ಇರುವ ಹುಡುಗರು ಈಗ ಅಂಗಡಿಗೆ ಬರುವುದಿಲ್ಲ, ಫೋನಿನಲ್ಲೇ ಯುಪಿಐ ಮೂಲಕ ಹಾಕಿಕೊಳ್ಳುತ್ತಾರೆ. ನನ್ನ ಹತ್ತಿರ ಕೈಯಲ್ಲಿ ನೋಟು ಹಿಡಿದು ಬರುವವರು ವಯಸ್ಸಾದವರು, ಕೂಲಿಗೆ ಹೋಗುವವರು, ಕುರಿ ಕಾಯುವವರು, ಬೇರೆ ಊರಿನಿಂದ ತೆಂಗಿನಕಾಯಿ ಸುಲಿಯಲು ಬಂದವರು. ಅಂದರೆ ನಿಮ್ಮ ಆದೇಶ ಯಾರಿಗಾಗಿ ಹೊರಟಿತೋ ಅವರೇ. ಜನವರಿ ಕೊನೆಯಲ್ಲಿ ಹೊಸ ಪ್ಯಾಕ್‌ಗಳು ಬಂದವು. ಅವನ್ನು ಇವರಲ್ಲಿ ಹೆಚ್ಚಿನವರು ಕೊಳ್ಳಲಾಗುತ್ತಿಲ್ಲ. ಯಾಕೆ ಆಗುತ್ತಿಲ್ಲ ಎಂಬುದನ್ನು ತಿಳಿಸಲೆಂದೇ ಈ ಪತ್ರ.

ಬಂದ ಪ್ಯಾಕ್‌ಗಳನ್ನೇ ನೋಡಿ. ಜಿಯೋದಲ್ಲಿ 84 ದಿನಕ್ಕೆ 448 ರೂಪಾಯಿ, 336 ದಿನಕ್ಕೆ 1,748. ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ವರ್ಷಕ್ಕೆ 1,849. ವಿಐನಲ್ಲಿ (ವೊಡಾಫೋನ್ ಐಡಿಯಾ) 84 ದಿನಕ್ಕೆ 470, ವರ್ಷಕ್ಕೆ 1,849. ಮೂರು ಖಾಸಗಿ ಕಂಪನಿಗಳಲ್ಲಿ ಯಾರೊಬ್ಬರೂ ಒಂದು ತಿಂಗಳ ಮಾತಿನ ಪ್ಯಾಕ್ ತಂದಿಲ್ಲ. ತಿಂಗಳಿಗೊಮ್ಮೆ ಹಾಕಿಸುವವನು ಈಗಲೂ ಜಿಯೋದಲ್ಲಿ 189, ಏರ್‌ಟೆಲ್ ಅಥವಾ ವಿಐನಲ್ಲಿ 199 ಕೊಟ್ಟು 28 ದಿನ ಪಡೆಯಬೇಕು. ಅದರ ಜೊತೆ 2 ಜಿಬಿ ಡೇಟಾ ಬಂದೇ ಬರುತ್ತದೆ. ಅವನ ಕೀಪ್ಯಾಡ್ ಫೋನಿನಲ್ಲಿ ಆ ಡೇಟಾ ಬಳಸಲು ದಾರಿಯೇ ಇಲ್ಲ.

ಇದರ ಪರಿಣಾಮ ಏನೆಂದು ಗಮನಿಸಿ. ಏರ್‌ಟೆಲ್‌ನಲ್ಲಿ ವರ್ಷಕ್ಕೆ ಹದಿಮೂರು ಸಲ 199 ಹಾಕಿಸಿದರೆ 2,587 ರೂಪಾಯಿ. ಒಂದೇ ಸಲ 1,849 ಎಣಿಸಬಲ್ಲವನಿಗೆ 738 ರೂಪಾಯಿ ಉಳಿಯಿತು. ಆ ಉಳಿತಾಯ ಸಿಕ್ಕಿದ್ದು ಯಾರಿಗೆ? ಮಗ ಬೆಂಗಳೂರಿನಲ್ಲಿ ಒಳ್ಳೆ ಕೆಲಸದಲ್ಲಿದ್ದು ಅಪ್ಪನ ನಂಬರಿಗೆ ಅಲ್ಲಿಂದಲೇ ವರ್ಷದ ಪ್ಯಾಕ್ ಹಾಕಿಸುವ ಮನೆಗೆ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಯಲ್ಲಿ ತಿಂಗಳು ತಳ್ಳುವ ಮುದುಕಿಗೆ 448 ಎಂದರೆ ಪಿಂಚಣಿಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಮಾತ್ರೆ, ಸೊಸೈಟಿಯ ಅಕ್ಕಿಗೆ ಆಟೊ ಚಾರ್ಜು, ಎಲೆ ಅಡಿಕೆ ಎಲ್ಲ ಅದರಲ್ಲೇ ಆಗಬೇಕು. ಮುಂದಿನ ಮೂರು ತಿಂಗಳ ಮಾತಿಗೆ ಅವಳು ಇವತ್ತೇ ದುಡ್ಡು ಕಟ್ಟಲಾರಳು. ಹಾಗಾಗಿ ಅವಳು ಡೇಟಾ ಇರುವ ಪ್ಯಾಕನ್ನೇ ಹಾಕಿಸುತ್ತಾಳೆ, ತಿಂಗಳಿಗೆ ಸುಮಾರು 40 ರೂಪಾಯಿ ಹೆಚ್ಚು ಕೊಟ್ಟು. ಕೈಯಲ್ಲಿ ಒಟ್ಟಿಗೆ ದುಡ್ಡಿದ್ದವನಿಗೆ ಮಾತು ಅಗ್ಗವಾಯಿತು, ಇಲ್ಲದವನಿಗೆ ಇದ್ದ ಹಾಗೇ ಉಳಿಯಿತು. ನೀವು ಬಯಸಿದ್ದು ಇದಾಗಿರಲಾರದು.

ನಮ್ಮ ಬೀದಿಯ ಒಬ್ಬ ಅಜ್ಜಿ ಹೋದ ವಾರ ಬಂದರು. ಸೆರಗಿನ ಗಂಟು ಬಿಚ್ಚಿ ಇನ್ನೂರರ ನೋಟು ಟೇಬಲ್ ಮೇಲಿಟ್ಟು, “ಬರೀ ಮಾತಾಡೋದ್ ಬಂದೈತಂತಲ್ಲ ಮಗ, ಟೀವೀಲಿ ಹೇಳಿದ್ರು. ಅದನ್ನೇ ಹಾಕು” ಎಂದರು. ಅದು ಮೂರು ತಿಂಗಳದ್ದು, ನಾನೂರೈವತ್ತರ ಹತ್ತಿರ ಆಗುತ್ತದೆ ಕಣಜ್ಜಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಒಂದ್ ತಿಂಗಳ್ದು ಇಲ್ವಾ? ನಂಗ್ಯಾಕಪ್ಪ ನೆಟ್ಟು, ಮಗಳು ಫೋನ್ ಮಾಡ್ದಾಗ ಎತ್ತೋಕಾದ್ರೆ ಸಾಕು” ಎಂದರು. ಇಲ್ಲ ಎಂದೆ. ಹಳೇ ಪ್ಯಾಕನ್ನೇ ಹಾಕಿಸಿಕೊಂಡು ಹೋದರು. ದಿನಕ್ಕೆ ನಾಲ್ಕು ಜನಕ್ಕೆ ಇದೇ ಉತ್ತರ ಕೊಡುವುದು ನನಗೆ ಬೇಸರದ ಕೆಲಸ. ದೊಡ್ಡ ರೀಚಾರ್ಜ್ ಆದರೆ ನನ್ನ ಕಮಿಷನ್ನೂ ದೊಡ್ಡದು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಈ ದುಡ್ಡು ನ್ಯಾಯದ್ದಲ್ಲ ಎಂದು ದಿನಾ ಅನ್ನಿಸುತ್ತದೆ.

ಇನ್ನು ಬೆಲೆಯ ವಿಷಯ. ಡೇಟಾ ತೆಗೆದರೆ ಎಷ್ಟು ಕಡಿಮೆಯಾಗಬೇಕು ಎಂಬುದಕ್ಕೆ ಕಂಪನಿಗಳದೇ ದರಪಟ್ಟಿ ಸಾಕು, ನಾನು ಹೊಸ ಲೆಕ್ಕ ಹಾಕಬೇಕಿಲ್ಲ. ಕಳೆದ ಜುಲೈನಲ್ಲಿ ದರ ಏರಿಸಿದಾಗ ಏರ್‌ಟೆಲ್ 84 ದಿನಕ್ಕೆ 6 ಜಿಬಿ ಇರುವ ಪ್ಯಾಕನ್ನು 509 ರೂಪಾಯಿ ಮಾಡಿತು. ನಿಮ್ಮ ಆದೇಶ ಬಂದ ಮೇಲೆ ಆ 6 ಜಿಬಿ ತೆಗೆದು ಮೊದಲು ಇಟ್ಟ ಬೆಲೆ 499. ಅಂದರೆ 6 ಜಿಬಿಗೆ ಹತ್ತು ರೂಪಾಯಿ. ಪ್ಯಾಕ್‌ಗಳನ್ನು ಪರಿಶೀಲಿಸುತ್ತೇವೆ ಎಂದು ನೀವು ಹೇಳಿದ ಮೇಲೆ ಅದು 469ಕ್ಕೆ ಇಳಿಯಿತು, ಅಂದರೆ 40 ರೂಪಾಯಿ ಕಡಿತ. ಅದೇ ಜುಲೈನ ಪಟ್ಟಿಯಲ್ಲಿ ಇದೇ ಕಂಪನಿ 4 ಜಿಬಿ ಡೇಟಾವನ್ನು ಬಿಡಿಯಾಗಿ ಮಾರುವ ಬೆಲೆ 77 ರೂಪಾಯಿ. ಆ ದರದಲ್ಲಿ 6 ಜಿಬಿಗೆ 115 ರೂಪಾಯಿ ದಾಟುತ್ತದೆ. ನಮಗೆ ಮಾರುವಾಗ 115, ನಮ್ಮಿಂದ ವಾಪಸ್ ತೆಗೆದುಕೊಳ್ಳುವಾಗ 40! ಸಗಟು, ಚಿಲ್ಲರೆ ಎಂಬ ವ್ಯತ್ಯಾಸ ಇರಬಹುದು, ಒಪ್ಪುತ್ತೇನೆ. ಆದರೆ ಮೂರು ಪಟ್ಟಿನ ಹತ್ತಿರ ಹೋಗುವ ಈ ಅಂತರಕ್ಕೆ ಕಾರಣ ಏನೆಂದು ಯಾರೂ ಅವರನ್ನು ಕೇಳಿಲ್ಲ. ಕೇಳುವ ಅಧಿಕಾರ ಇರುವುದು ನಿಮಗೆ ಮಾತ್ರ.

469ನ್ನು 84ರಿಂದ ಭಾಗಿಸಿ 28ರಿಂದ ಗುಣಿಸಿದರೆ 156 ರೂಪಾಯಿ. ಜಿಯೋದ 448ಕ್ಕೆ ಹೀಗೇ ಮಾಡಿದರೆ 149. ಅಂದರೆ ಇವತ್ತಿನ ಅವರದೇ ಬೆಲೆಯಲ್ಲಿ ತಿಂಗಳ ಮಾತಿನ ಪ್ಯಾಕ್ 150ರಿಂದ 160 ರೂಪಾಯಿಗೆ ಸಿಗಬೇಕು. ಇದರಿಂದ ಅವರಿಗೆ ನಷ್ಟವಿಲ್ಲ. ಮೂರು ತಿಂಗಳದ್ದನ್ನು ಮಾರಬಹುದಾದರೆ ಒಂದು ತಿಂಗಳದ್ದನ್ನು ಮಾರದಿರಲು ತಾಂತ್ರಿಕ ಕಾರಣ ಯಾವುದೂ ನನಗೆ ಕಾಣುವುದಿಲ್ಲ.

ಇನ್ನೊಂದು ಬೆಲೆಯನ್ನೂ ಪಕ್ಕದಲ್ಲಿಟ್ಟು ನೋಡಿ. 2023ರ ಜುಲೈನಲ್ಲಿ ಜಿಯೋಭಾರತ್ ಎಂಬ ಕೀಪ್ಯಾಡ್ ಫೋನ್ 999 ರೂಪಾಯಿಗೆ ಬಂತು. ಆ ಫೋನಿಗೆ 28 ದಿನದ ಅನ್‌ಲಿಮಿಟೆಡ್ ಕರೆ ಮತ್ತು 14 ಜಿಬಿ ಡೇಟಾ ಸೇರಿ 123 ರೂಪಾಯಿ. ಅದರಲ್ಲಿ ಬೇರೆ ಕಂಪನಿಯ ಸಿಮ್ ನಡೆಯುವುದಿಲ್ಲ. ಆ ಫೋನ್ ಕೊಂಡವರಿಗೆ ಡೇಟಾ ಸೇರಿ 123, ತನ್ನದೇ ಹಳೇ ಫೋನಿನಲ್ಲಿ ಮಾತಾಡಿಕೊಂಡು ಇರುತ್ತೇನೆ ಎನ್ನುವವರಿಗೆ ಡೇಟಾ ಇಲ್ಲದೆಯೂ ತಿಂಗಳ ಲೆಕ್ಕದಲ್ಲಿ 149. ಹಾಗಾದರೆ ಈ ಬೆಲೆ ಮಾತಿನ ಖರ್ಚಿನಿಂದ ಹುಟ್ಟಿದ್ದಲ್ಲ. ಗ್ರಾಹಕನನ್ನು ಯಾವ ಫೋನಿಗೆ, ಯಾವ ನೆಟ್‌ವರ್ಕಿಗೆ ಕಟ್ಟಿಹಾಕಬೇಕು ಎಂಬ ಲೆಕ್ಕದಿಂದ ಹುಟ್ಟಿದ್ದು. ಅಗ್ಗದ ಫೋನ್ ಬಂದದ್ದನ್ನು ನಾನು ದೂರುತ್ತಿಲ್ಲ, ನಾನೇ ಎಷ್ಟೋ ಜನರಿಗೆ ಮಾರಿದ್ದೇನೆ. ಆದರೆ ಆ ದರಕ್ಕೆ ಕೊಟ್ಟರೂ ಕಂಪನಿಗೆ ಗಿಟ್ಟುತ್ತದೆ ಎನ್ನುವುದು ಇದರಿಂದ ಗೊತ್ತಾಗುತ್ತದೆಯಲ್ಲ.

ಮಾತಿಗೆ ಡೇಟಾ ಗಂಟು ಹಾಕುವ ರೂಢಿ ಇಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 2009ರಿಂದ ಎಟಿ ಅಂಡ್ ಟಿ ಕಂಪನಿ ತನ್ನ ನೆಟ್‌ವರ್ಕಿನಲ್ಲಿ ಸ್ಮಾರ್ಟ್‌ಫೋನ್ ಇಟ್ಟುಕೊಳ್ಳುವವರೆಲ್ಲ ಡೇಟಾ ಪ್ಲಾನ್ ತೆಗೆದುಕೊಳ್ಳಲೇಬೇಕು ಎಂದು ಮಾಡಿತು. ಮನೆಯ ವೈಫೈ ಸಾಕು, ಹೊರಗೆ ಬರೀ ಕರೆ ಮಾಡುತ್ತೇನೆ ಎಂದರೂ ಬಿಡಲಿಲ್ಲ. ಬೇರೆಡೆ ಕೊಂಡ ಫೋನಿಗೆ ಸಿಮ್ ಹಾಕಿದರೂ ಅದು ಸ್ಮಾರ್ಟ್‌ಫೋನ್ ಎಂದು ಗೊತ್ತಾದ ಕೂಡಲೇ ಬಿಲ್ಲಿಗೆ ಡೇಟಾ ಪ್ಲಾನ್ ಸೇರುತ್ತಿತ್ತು. ಅದೇ ದೇಶದಲ್ಲಿ ವೆರೈಜನ್ ಕಂಪನಿ, ಡೇಟಾ ಪ್ಲಾನೇ ಇಲ್ಲದ ಸುಮಾರು ಒಂದೂವರೆ ಕೋಟಿ ಗ್ರಾಹಕರಿಗೆ ಅವರು ಕೇಳದ ಡೇಟಾಕ್ಕೆ ಬಿಲ್ ಹಾಕಿದ್ದು ಹೊರಬಿದ್ದಾಗ, 2010ರ ಅಕ್ಟೋಬರ್‌ನಲ್ಲಿ ಅಲ್ಲಿನ ನಿಯಂತ್ರಣ ಆಯೋಗದ ಮುಂದೆ ರಾಜಿಯಾಗಿ ಖಜಾನೆಗೆ 2.5 ಕೋಟಿ ಡಾಲರ್ ಕಟ್ಟಿತು. ಗ್ರಾಹಕರಿಗೆ ಹಣ ಹಿಂತಿರುಗಿಸಿದ್ದು ಬೇರೆ. ಅಲ್ಲಿ ಸ್ಮಾರ್ಟ್‌ಫೋನ್ ಇದ್ದವನಿಗೆ ಡೇಟಾ ಕಡ್ಡಾಯ ಮಾಡಿದರು. ಇಲ್ಲಿ ಸ್ಮಾರ್ಟ್‌ಫೋನ್ ಇಲ್ಲದವನಿಗೂ ಕಡ್ಡಾಯವಾಯಿತು.

ಅದು ಹೇಗೆ ಆಯಿತು ಎನ್ನುವುದರಲ್ಲಿ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ಪ್ರಾಧಿಕಾರದ ಪಾಲೂ ಇದೆ. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. ನಮ್ಮ ಹಳ್ಳಿಗಳಿಗೆ ಮೊಬೈಲ್ ಬಂದದ್ದೇ ಆ ಬಲದಿಂದ. ದುಡ್ಡಿಲ್ಲದವನು ಮಿಸ್ಡ್ ಕಾಲ್ ಕೊಟ್ಟು ಕಾಯುತ್ತಿದ್ದ, ದುಡ್ಡಿದ್ದವನು ತಿರುಗಿ ಮಾಡುತ್ತಿದ್ದ. ಆಗ ಹಾಗೆ ಬರೀ ಕರೆ ಸ್ವೀಕರಿಸುವವನೂ ಕಂಪನಿಗೆ ಭಾರವಾಗಿರಲಿಲ್ಲ. ಯಾಕೆಂದರೆ ಕರೆ ಮಾಡಿದವನ ಕಂಪನಿ ಕರೆ ತಲುಪಿಸಿದ ಕಂಪನಿಗೆ ನಿಮಿಷಕ್ಕೆ ಇಷ್ಟು ಪೈಸೆ ಎಂದು ಕೊಡಬೇಕಿತ್ತು. 2015ರಲ್ಲಿ ಅದು 14 ಪೈಸೆ. 2017ರ ಅಕ್ಟೋಬರ್‌ನಲ್ಲಿ ನೀವು ಅದನ್ನು 6 ಪೈಸೆಗೆ ಇಳಿಸಿದಿರಿ. 2021ರ ಜನವರಿ 1ರಿಂದ ಅದು ಸೊನ್ನೆಯಾಯಿತು. ಇದಕ್ಕೆ ನಿಮ್ಮಲ್ಲಿ ಸರಿಯಾದ ಕಾರಣಗಳಿದ್ದವು, ಕರೆ ಅಗ್ಗವಾಗಿದ್ದೂ ನಿಜ. ಆದರೆ ಅದೇ ಏಟಿಗೆ, ಬರೀ ಕರೆ ಸ್ವೀಕರಿಸುವ ಬಡವನ ಸಿಮ್ಮಿನಿಂದ ಕಂಪನಿಗೆ ಬರುತ್ತಿದ್ದ ಆ ನಾಲ್ಕು ಕಾಸೂ ನಿಂತುಹೋಯಿತು. ಅವನು ಕಂಪನಿಯ ಪುಸ್ತಕದಲ್ಲಿ ಖರ್ಚಿನ ಬಾಬತ್ತಾದ.

6 ಪೈಸೆಯ ಆದೇಶ ಬಂದು ಒಂದು ವರ್ಷ ಕಳೆದ ಮೇಲೆ, 2018ರ ಕೊನೆಗೆ, ಕನಿಷ್ಠ ರೀಚಾರ್ಜ್ ಎಂಬುದು ಬಂತು. 28 ದಿನಕ್ಕೆ 35 ರೂಪಾಯಿ ಹಾಕಿಸದಿದ್ದರೆ ಬ್ಯಾಲೆನ್ಸ್ ಇದ್ದರೂ ಸೇವೆ ಇಲ್ಲ. ಜಿಯೋ ಬಂದ ಮೇಲಿನ ದರ ಸಮರವೂ ಇದಕ್ಕೆ ಕಾರಣ, ಒಂದೇ ಕಡೆ ಬೆರಳು ತೋರಿಸುವುದಿಲ್ಲ. ಬ್ಯಾಲೆನ್ಸ್ ಇರುವವರನ್ನು ಹೀಗೆ ಕಡಿಯಬೇಡಿ ಎಂದು ಆಗ ನೀವು ಕಂಪನಿಗಳಿಗೆ ಹೇಳಿದ್ದೂ ನೆನಪಿದೆ. ಆ 35ರ ಪ್ಯಾಕಿನಲ್ಲೇ 100 ಎಂಬಿ ಡೇಟಾ ಇತ್ತು. ಯಾರೂ ಕೇಳಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಮೂವತ್ತೈದು ಹೋಗಿ ನಲವತ್ತೈದಾಯಿತು, ಎಪ್ಪತ್ತೊಂಬತ್ತಾಯಿತು, ತೊಂಬತ್ತೊಂಬತ್ತಾಯಿತು. 2023ರ ಜನವರಿಯಲ್ಲಿ ಏರ್‌ಟೆಲ್ ಕರ್ನಾಟಕವೂ ಸೇರಿ ಕೆಲವು ವಲಯಗಳಲ್ಲಿ 99 ತೆಗೆದು 155 ಮಾಡಿತು. 2024ರ ಜುಲೈಗೆ 199. ಆರು ವರ್ಷದೊಳಗೆ ಸಿಮ್ ಜೀವಂತ ಇಟ್ಟುಕೊಳ್ಳುವ ಖರ್ಚು ಐದು ಪಟ್ಟು ದಾಟಿತು. ಏರಿಸಿದಾಗ ಎಷ್ಟೋ ಸಲ ಕೊಟ್ಟ ಸಮಾಧಾನ, ಡೇಟಾ ಹೆಚ್ಚು ಕೊಟ್ಟಿದ್ದೇವೆ ಎಂದು. ಕೀಪ್ಯಾಡ್ ಫೋನಿನವನಿಗೆ ಆ ಸಮಾಧಾನದಿಂದ ಏನೂ ದಕ್ಕಲಿಲ್ಲ.

ನಮ್ಮ ಕಡೆ ರೈತರು ಕರೆನ್ಸಿ ಹಾಕಿಸುವ ಇನ್ನೊಂದು ನಂಬರಿನ ಬಗ್ಗೆ ಹೇಳಬೇಕು. ಆದೇಶಕ್ಕೆ ಮೊದಲು ಎಲ್ಲರ ಅಭಿಪ್ರಾಯ ಕೇಳಲು ನೀವು ಹೊರಡಿಸಿದ ಸಮಾಲೋಚನಾ ಪತ್ರದ ಲೆಕ್ಕದಲ್ಲಿ ಬರುವ ಗ್ರಾಹಕ ಎಂದರೆ ಮನುಷ್ಯ. ಈ ಸಿಮ್ ಇರುವುದು ಮನುಷ್ಯನ ಕೈಯಲ್ಲಲ್ಲ, ಬೋರ್‌ವೆಲ್ ಪಕ್ಕದ ತಗಡಿನ ಪೆಟ್ಟಿಗೆಯಲ್ಲಿ. ಮೊಬೈಲ್ ಸ್ಟಾರ್ಟರ್ ಎನ್ನುತ್ತಾರೆ. ಮೋಟಾರಿನ ಸ್ಟಾರ್ಟರ್ ಪಕ್ಕ ಅಂಗೈಯಗಲದ ಒಂದು ಡಬ್ಬಿ, ಅದರೊಳಗೆ ಒಂದು ಸಿಮ್. ರೈತ ಮನೆಯಿಂದ ಆ ನಂಬರಿಗೆ ಕರೆ ಮಾಡಿ ಬಟನ್ ಒತ್ತಿದರೆ ಮೋಟಾರ್ ಓಡುತ್ತದೆ, ಇನ್ನೊಂದು ಒತ್ತಿದರೆ ನಿಲ್ಲುತ್ತದೆ. ತ್ರೀ ಫೇಸ್ ಕರೆಂಟು ಬಂದಾಗ, ಹೋದಾಗ, ನೀರು ನಿಂತು ಮೋಟಾರ್ ಒಣಗಿ ಓಡುವಾಗ ಡಬ್ಬಿಯೇ ಅವನಿಗೆ ಕರೆ ಮಾಡಿ ತಿಳಿಸುತ್ತದೆ. ತ್ರೀ ಫೇಸ್ ಎಷ್ಟೋ ದಿನ ರಾತ್ರಿ ಹೊತ್ತಿನಲ್ಲೇ ಬರುವುದು. ಚಿರತೆ, ಕರಡಿ ಓಡಾಡುವ ನಮ್ಮ ಸೀಮೆಯಲ್ಲಿ ಅಪರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಹೋಗುವುದನ್ನು ಈ ಡಬ್ಬಿ ತಪ್ಪಿಸಿದೆ. ಹಾವು ಕಡಿತ ತಪ್ಪಿಸಿದೆ. ಸುಟ್ಟ ಮೋಟಾರನ್ನು ಬೋರಿನಿಂದ ಎತ್ತಿಸಿ ವೈಂಡಿಂಗ್ ಮಾಡಿಸುವ ಖರ್ಚನ್ನೂ ಎಷ್ಟೋ ಸಲ ಉಳಿಸಿದೆ.

ಆ ಡಬ್ಬಿಯ ಸಿಮ್ಮಿಗೆ ಬೇಕಾದದ್ದು ದಿನಕ್ಕೆ ಒಂದೆರಡು ನಿಮಿಷದ ಕರೆ. ಅದಕ್ಕೂ 28 ದಿನಕ್ಕೊಮ್ಮೆ 199 ಹಾಕಿಸಿ, 2 ಜಿಬಿ ಡೇಟಾವನ್ನು ತಗಡಿನ ಪೆಟ್ಟಿಗೆಗೆ ಕೊಡಿಸಬೇಕು. ಎರಡು ಕಡೆ ಬೋರ್ ಇರುವವನಿಗೆ ಎರಡು ಸಿಮ್, ಮನೆಯ ನಂಬರು ಬೇರೆ. ಕೊಬ್ಬರಿ ಬೆಲೆ ಬಿದ್ದ ವರ್ಷ ಕೆಲವರು ಸ್ಟಾರ್ಟರ್ ಸಿಮ್ಮಿಗೆ ಹಾಕಿಸುವುದನ್ನೇ ನಿಲ್ಲಿಸಿ ಮತ್ತೆ ಟಾರ್ಚ್ ಹಿಡಿದರು. ಈ ಡಬ್ಬಿ ನೀವು ಹೇಳುವ ಡಿಜಿಟಲ್ ಭಾರತದ ನಿಜವಾದ ಒಂದು ತುಂಡು. ಅದು ಡೇಟಾ ಇಲ್ಲದೆ ನಡೆಯುತ್ತದೆ. ಅದಕ್ಕೆ ಹೊಂದುವ ಪ್ಯಾಕ್ ಮಾತ್ರ ಇಲ್ಲ.

ಕಂಪನಿಗಳು ನಿಮ್ಮ ಮುಂದೆ ಇಟ್ಟ ವಾದ ನನಗೆ ಗೊತ್ತು. ಡೇಟಾ ಇಲ್ಲದ ಪ್ಯಾಕ್ ಕೊಟ್ಟರೆ ಜನ ಇಂಟರ್‌ನೆಟ್‌ನಿಂದ ಇನ್ನೂ ದೂರ ಉಳಿಯುತ್ತಾರೆ, ಡೇಟಾ ಜೊತೆಗಿದ್ದರೆ ಇವತ್ತಲ್ಲ ನಾಳೆ ಬಳಸಲು ಕಲಿಯುತ್ತಾರೆ ಎಂಬುದು. ಡೇಟಾ ಬೇಕಾದವರಿಗೆ ಬೇರೆ ವೋಚರುಗಳು ಇದ್ದೇ ಇರುತ್ತವೆ, ಬೇಡದವರಿಗೆ ಆಯ್ಕೆ ಇರಲಿ ಎಂದು ನೀವು ಕೊಟ್ಟ ಉತ್ತರ ಸರಿಯಾಗಿದೆ. ಅದಕ್ಕೆ ಅಂಗಡಿಯಲ್ಲಿ ಕಂಡದ್ದನ್ನು ಸೇರಿಸುತ್ತೇನೆ. ಕೀಪ್ಯಾಡ್ ಫೋನಿನಿಂದ ಸ್ಮಾರ್ಟ್‌ಫೋನಿಗೆ ಹೋದವರಲ್ಲಿ ಪ್ಯಾಕಿನಲ್ಲಿ 2 ಜಿಬಿ ಸುಮ್ಮನೆ ಬಿದ್ದಿದೆ ಎಂದು ಹೋದವರನ್ನು ನಾನು ನೋಡಿಲ್ಲ. ಮಗನೋ ಮಗಳೋ ತಮ್ಮ ಹಳೇ ಫೋನ್ ಕೊಟ್ಟಾಗ ಹೋಗುತ್ತಾರೆ. ಕೊಟ್ಟರೂ ಅಕ್ಷರ ಓದಲು ಬಾರದವರು, ಕಣ್ಣು ಮಂಜಾದವರು, ಗಾರೆ ಕೆಲಸದಿಂದ ಬೆರಳು ಒರಟಾಗಿ ಟಚ್ ಕೆಲಸ ಮಾಡದವರು ಮತ್ತೆ ಬಟನ್ ಫೋನಿಗೇ ಬರುತ್ತಾರೆ. ಕಲಿಸುವುದಾದರೆ ಕಲಿಸಲಿ, ಸಂತೋಷ. ಕಲಿಯದವನಿಂದ ತಿಂಗಳು ತಿಂಗಳು ವಸೂಲಿ ಮಾಡುವುದಕ್ಕೆ ಕಲಿಸುವುದು ಎಂಬ ಹೆಸರು ಬೇಡ.

ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಕೇಳಿದ ರೈತನಿಗೆ ಬೇರೆ ಯಾವುದೋ ಬಾಟಲಿಯನ್ನೂ ಕೊಂಡರೆ ಮಾತ್ರ ಮೂಟೆ ಕೊಡುತ್ತೇವೆ ಎಂದು ಲಿಂಕ್ ಮಾಡಿ ಮಾರುವುದುಂಟು. ಸರ್ಕಾರವೇ ಅದನ್ನು ತಪ್ಪು ಎಂದು ಹೇಳುತ್ತದೆ, ಸಿಕ್ಕಿಬಿದ್ದವರ ಲೈಸೆನ್ಸ್ ಮೇಲೆ ಕ್ರಮ ಎನ್ನುತ್ತದೆ. ಯೂರಿಯಾಕ್ಕೆ ಒಪ್ಪುವ ನ್ಯಾಯ ಮಾತಿಗೂ ಒಪ್ಪಬೇಕು.

ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆಗಬಹುದಲ್ಲ ಎಂದು ಯಾರಾದರೂ ಕೇಳಬಹುದು. ಕಳೆದ ಜುಲೈನ ಏರಿಕೆಯ ನಂತರ ನನ್ನ ಕೈಯಿಂದಲೇ ಎಷ್ಟೋ ಜನ ಪೋರ್ಟ್ ಆದರು. ಅಲ್ಲಿ ಮಾತಿನ ಪ್ಯಾಕ್ ಇನ್ನೂ ಅಗ್ಗ. ಅವರಲ್ಲಿ ಕೆಲವರು ಸಿಗ್ನಲ್ ಸಿಗದೆ ವಾಪಸ್ ಬಂದರು. ಟವರ್ ಹತ್ತಿರ ಇರುವ ಊರಿಗೆ ಅದು ಸರಿಯಾದ ದಾರಿ, ಉಳಿದವರಿಗಲ್ಲ.

ಸಿಮ್ ಸತ್ತರೆ ಏನಾಗುತ್ತದೆ ಎನ್ನುವುದು ಇನ್ನೂ ದೊಡ್ಡ ಚಿಂತೆ. ಇವತ್ತು ಮೊಬೈಲ್ ನಂಬರ್ ಎನ್ನುವುದು ಬರೀ ಮಾತಿಗೆ ಅಲ್ಲ. ಆಧಾರ್ ಅದಕ್ಕೆ ಜೋಡಿಸಿದೆ, ಬ್ಯಾಂಕ್ ಖಾತೆ ಅದಕ್ಕೆ ಜೋಡಿಸಿದೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂತೋ ಇಲ್ಲವೋ ಎಂಬುದನ್ನು ಹೇಳುವುದು ಆ ನಂಬರಿಗೆ ಬರುವ ಮೆಸೇಜು. ಬೆಳೆ ವಿಮೆಯ ಅರ್ಜಿ ಇರಲಿ, ಪಹಣಿ ಇರಲಿ, ಯಾವ ಕೆಲಸಕ್ಕೆ ಹೋದರೂ ಮೊದಲು ಕೇಳುವುದು ಒಟಿಪಿ. ಇವೆಲ್ಲ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತವೆ, ಡೇಟಾ ಬೇಕಿಲ್ಲ. ಸರ್ಕಾರವೇ ನಂಬರ್ ಕಡ್ಡಾಯ ಮಾಡಿದೆ, ಆ ನಂಬರ್ ಉಳಿಸಿಕೊಳ್ಳಲು ಬಡವ ಡೇಟಾ ಕೊಳ್ಳಬೇಕಾಗಿದೆ. 2013ರಲ್ಲಿ ನೀವೇ ತಂದ ನಿಯಮದ ಪ್ರಕಾರ 90 ದಿನ ಬಳಕೆ ಇಲ್ಲದಿದ್ದರೂ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ನಂಬರ್ ಉಳಿಸಬೇಕು. ಒಳ್ಳೆಯ ನಿಯಮ. ಆದರೆ ಅದು ನಂಬರನ್ನು ಉಳಿಸುತ್ತದೆಯೇ ಹೊರತು ಸೇವೆಯನ್ನಲ್ಲ. ಪ್ಯಾಕ್ ಮುಗಿದ ಮೇಲೆ ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನ ಕಳೆದರೆ ಒಳಬರುವುದೂ ನಿಲ್ಲುತ್ತದೆ. ಆಮೇಲೆ ಆ ನಂಬರ್ ಕೈತಪ್ಪಿ ಇನ್ನೊಬ್ಬರಿಗೆ ಹೋದರೆ, ಮುದುಕಿಯ ಬ್ಯಾಂಕಿನ ಮೆಸೇಜುಗಳು ಯಾರೋ ಗುರುತಿಲ್ಲದವರ ಜೇಬಿನಲ್ಲಿ ಸದ್ದು ಮಾಡುತ್ತವೆ. ಹೀಗೆ ನಂಬರ್ ಕಳೆದುಕೊಂಡವರು ಆಧಾರ್‌ನಲ್ಲಿ ಹೊಸದು ಸೇರಿಸಲು ಒಂದು ದಿನದ ಕೂಲಿ ಬಿಟ್ಟು, ಬಸ್ ಹತ್ತಿ, ಸೇವಾ ಕೇಂದ್ರದ ಮುಂದೆ ಟೋಕನ್ ಹಿಡಿದು ಕೂರುವುದನ್ನು ದಿನಾ ನೋಡುತ್ತೇನೆ.

ದರ ನಿಗದಿ ಮಾಡುವುದು ಕಂಪನಿಗಳ ಸ್ವಾತಂತ್ರ್ಯ, ನಾವು ಕೈ ಹಾಕುವುದಿಲ್ಲ ಎಂಬುದು ಪ್ರಾಧಿಕಾರ ಬಹಳ ಕಾಲದಿಂದ ಪಾಲಿಸಿಕೊಂಡು ಬಂದ ನೀತಿ. ಹತ್ತಾರು ಕಂಪನಿಗಳು ಇದ್ದಾಗ ಆ ನೀತಿಯಿಂದ ನಮಗೆ ಲಾಭವೂ ಆಯಿತು. ಈಗ ಉಳಿದಿರುವುದು ಮೂರು ಖಾಸಗಿ ಕಂಪನಿಗಳು. ಕಳೆದ ಜುಲೈನಲ್ಲಿ ಎರಡೇ ದಿನದೊಳಗೆ ಮೂರರ ದರವೂ ಏರಿತು. ಮೊನ್ನೆ ಬಂದ ಮಾತಿನ ಪ್ಯಾಕ್‌ಗಳ ಬೆಲೆಯನ್ನೂ ಮೂರೂ ಕಂಪನಿ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ತಂದು ನಿಲ್ಲಿಸಿದವು. ಡಿಸೆಂಬರ್‌ಗೆ ಮುಗಿದ ತ್ರೈಮಾಸಿಕದಲ್ಲಿ ಒಬ್ಬ ಗ್ರಾಹಕನಿಂದ ತಿಂಗಳಿಗೆ ಬರುವ ಸರಾಸರಿ ಆದಾಯ ಏರ್‌ಟೆಲ್‌ಗೆ 245 ರೂಪಾಯಿ, ಜಿಯೋಗೆ 203 ರೂಪಾಯಿ. ಇದನ್ನು 300ಕ್ಕೆ ಒಯ್ಯಬೇಕು ಎಂಬುದು ಏರ್‌ಟೆಲ್‌ನವರು ಮತ್ತೆ ಮತ್ತೆ ಹೇಳುವ ಮಾತು. ಸರಾಸರಿ ಏರಿಸಲು ಕೆಳಗಿನ ಮೆಟ್ಟಿಲನ್ನು ಕಿತ್ತುಹಾಕುವುದು ಎಲ್ಲಕ್ಕಿಂತ ಸುಲಭ, ಆರು ವರ್ಷದಿಂದ ನಡೆದಿರುವುದು ಅದೇ.

ಕೈ ಹಾಕಿದ ಸಂದರ್ಭಗಳೂ ಇವೆ. 2016ರ ಫೆಬ್ರವರಿಯಲ್ಲಿ, ಜಾಲತಾಣಕ್ಕೊಂದು ದರ ಎಂದು ಡೇಟಾ ಮಾರುವುದನ್ನು ನೀವು ನಿಷೇಧಿಸಿದಿರಿ. ಲಕ್ಷಗಟ್ಟಲೆ ಜನ ಇಮೇಲ್ ಬರೆದಿದ್ದರು, ನೀವು ಕೇಳಿದಿರಿ. ನನ್ನ ಗ್ರಾಹಕರು ಇಮೇಲ್ ಬರೆಯುವವರಲ್ಲ, ಅವರ ಹತ್ತಿರ ಇಮೇಲ್ ಇಲ್ಲ ಎನ್ನುವುದೇ ಈ ಪತ್ರದ ವಿಷಯ. 28 ದಿನವನ್ನು ತಿಂಗಳು ಎಂದು ಮಾರಿ ವರ್ಷಕ್ಕೆ ಹದಿಮೂರು ರೀಚಾರ್ಜ್ ಮಾಡಿಸುತ್ತಿದ್ದಾರೆ ಎಂಬ ದೂರು ಬಂದಾಗ, 2022ರ ಜನವರಿಯಲ್ಲಿ, 30 ದಿನದ ಪ್ಯಾಕ್ ಒಂದಾದರೂ ಇರಲೇಬೇಕು ಎಂದು ಆದೇಶ ಮಾಡಿದಿರಿ. ಬೆಲೆ ಮುಟ್ಟಲಿಲ್ಲ, ಅವಧಿ ಹೇಳಿದಿರಿ, ಅಷ್ಟೇ. ಈಗ ನಾನು ಮೊದಲು ಕೇಳುತ್ತಿರುವುದೂ ಅಂಥದೇ. ಡಿಸೆಂಬರ್ ಆದೇಶದಲ್ಲಿ ‘365 ದಿನ ಮೀರದ’ ಎಂದು ಮೇಲಿನ ಮಿತಿ ಇಟ್ಟಿರಿ, ಕೆಳಗೆ ಏನೂ ಹೇಳಲಿಲ್ಲ. ಕಂಪನಿಗಳು ಆ ಸಂದಿಯಲ್ಲಿ ನುಸುಳಿ 84 ದಿನದಿಂದ ಶುರು ಮಾಡಿದವು. ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ವೋಚರುಗಳಲ್ಲಿ ಒಂದಾದರೂ 30 ದಿನದ್ದಿರಬೇಕು ಎಂಬ ಒಂದು ವಾಕ್ಯ ಸೇರಿಸಿ. ದಿನದ ಲೆಕ್ಕದಲ್ಲಿ ಅದರ ಬೆಲೆ ತಮ್ಮದೇ 84 ದಿನದ ಪ್ಯಾಕಿಗಿಂತ ತೀರಾ ಹೆಚ್ಚಾಗದಂತೆ ನೋಡಿ. ಇಲ್ಲದಿದ್ದರೆ 30 ದಿನದ ಮಾತಿನ ಪ್ಯಾಕಿಗೂ 195 ಇಟ್ಟು, ಕೊಟ್ಟಿದ್ದೇವಲ್ಲ ಎಂದಾರು. ಹಾಗೆ ಮಾಡಬಲ್ಲರು ಎಂಬುದು 499ರ ಬೆಲೆಯಲ್ಲೇ ಕಂಡಿದೆ.

ಜನವರಿಯಲ್ಲಿ ಹೊಸ ಪ್ಯಾಕ್‌ಗಳನ್ನು ಪರಿಶೀಲಿಸುತ್ತೇವೆ ಎಂದು ಹೇಳಿದಿರಿ. ಆ ಪರಿಶೀಲನೆಯಲ್ಲಿ ಏನು ಕಂಡಿತು ಎಂಬುದನ್ನು ದಯವಿಟ್ಟು ಪ್ರಕಟಿಸಿ. ಡೇಟಾ ತೆಗೆದದ್ದಕ್ಕೆ ಎಷ್ಟು ಕಡಿತ ಮಾಡಿದಿರಿ, ಯಾವ ಲೆಕ್ಕದ ಮೇಲೆ ಎಂದು ಕಂಪನಿಗಳಿಂದ ಬರಹದಲ್ಲಿ ಪಡೆದು ಜನರ ಮುಂದಿಡಿ. ಬರೀ ಕರೆ ಸ್ವೀಕರಿಸಿ ಒಟಿಪಿ ಪಡೆಯುವವರಿಗೆ ಮತ್ತು ನಮ್ಮ ಸ್ಟಾರ್ಟರ್ ಡಬ್ಬಿಗಳಂಥವಕ್ಕೆ ಇನ್ನೂ ಕಡಿಮೆಯ ಒಂದು ಪ್ಯಾಕ್ ಸಾಧ್ಯವೇ ಎಂಬ ಬಗ್ಗೆ ಒಂದು ಸಮಾಲೋಚನೆ ಕರೆಯಿರಿ. ಕರೆದಾಗ ತೋಟಗಾರಿಕೆಯ, ನೀರಾವರಿಯ ಜನರನ್ನೂ ಕೇಳಿ. ಮಾತಿನ ಪ್ಯಾಕ್ ಇದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಕಂಪನಿ ನಮ್ಮ ಅಂಗಡಿಗಳಿಗೆ ಕಳಿಸುವ ಪೋಸ್ಟರಿನಲ್ಲಿ 5ಜಿ ಇದೆ, ಸಿನಿಮಾ ಇದೆ, ಕ್ರಿಕೆಟ್ ಇದೆ, ಇದಿಲ್ಲ. ರೀಚಾರ್ಜ್ ಮಾಡುವ ಆ್ಯಪಿನಲ್ಲೂ ಎಲ್ಲೋ ಕೆಳಗೆ ಹುಡುಕಬೇಕು. ಪ್ರತಿ ಅಂಗಡಿಯಲ್ಲೂ ಆಯಾ ರಾಜ್ಯದ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ, ಮಾತಿನ ಪ್ಯಾಕಿನ ಬೆಲೆ ಬರೆದು ತೂಗುಹಾಕುವುದನ್ನು ಕಡ್ಡಾಯ ಮಾಡಿ.

ಇದು ಬಡವರಿಗೆ ಮಾತ್ರ ಬೇಕಾದದ್ದೂ ಅಲ್ಲ. ಮನೆಯಲ್ಲಿ ವೈಫೈ ಹಾಕಿಸಿಕೊಂಡು ಎರಡನೇ ಸಿಮ್ ಅನ್ನು ಬ್ಯಾಂಕಿಗಾಗಿ ಮಾತ್ರ ಇಟ್ಟುಕೊಂಡ ಮೇಷ್ಟ್ರು, ವಿದೇಶದಲ್ಲಿದ್ದು ಊರಿನ ನಂಬರನ್ನು ಒಟಿಪಿಗಾಗಿ ಉಳಿಸಿಕೊಂಡವರು, ಎಲ್ಲರೂ ಇದೇ ಪ್ರಶ್ನೆ ಕೇಳುತ್ತಾರೆ. ಅವರು ಹೇಗೋ ಸಂಭಾಳಿಸುತ್ತಾರೆ. ನನ್ನ ಕಾಳಜಿ ಇನ್ನೂರರ ನೋಟು ಹಿಡಿದು ಬರುವವರದು.

ಇಲ್ಲಿ ಬರೆದ ಪ್ಯಾಕ್‌ಗಳ ದರ, ಅವಧಿ ಎಲ್ಲ ಕಂಪನಿಗಳು ಪ್ರಕಟಿಸಿರುವಂಥವು, ನಿಮ್ಮ ಕಚೇರಿಯಲ್ಲೂ ಇರುತ್ತವೆ. ಸ್ಟಾರ್ಟರ್ ಸಿಮ್‌ಗಳ ವಿಷಯದಲ್ಲಿ ಮಾಹಿತಿ ಬೇಕಾದರೆ ನಮ್ಮ ಹೋಬಳಿಯ ರೈತರನ್ನು ಒಟ್ಟು ಸೇರಿಸಿ ಮಾತಾಡಿಸುವ ಕೆಲಸ ನಾನು ಮಾಡಿಕೊಡುತ್ತೇನೆ. ಮುಂದಿನ ದರ ಏರಿಕೆ ಬರುವ ಮೊದಲು 30 ದಿನದ ಆ ಒಂದು ವಾಕ್ಯವನ್ನಾದರೂ ಸೇರಿಸಿ ಎಂದು ಕೈಮುಗಿದು ಕೇಳುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ರೀಚಾರ್ಜ್ ಅಂಗಡಿಯವನು
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ